ಹಾಡಿದವರ ಹೆಸರಿಲ್ಲದ ಹಾಡು: ‘ವೆನ್ ಎ ಮ್ಯಾನ್ ಲವ್ಸ್ ಎ ವುಮನ್’ ಪ್ರಕರಣ

1966ರಲ್ಲಿ ಅಮೆರಿಕದ ಅಟ್ಲಾಂಟಿಕ್ ಕಂಪನಿ ತಂದ ಏಳು ಇಂಚಿನ ರೆಕಾರ್ಡ್ ಅದು. ಕೆಂಪು-ಕಪ್ಪು ಲೇಬಲ್. ಮೇಲೆ ಹಾಡಿನ ಹೆಸರು, ‘ವೆನ್ ಎ ಮ್ಯಾನ್ ಲವ್ಸ್ ಎ ವುಮನ್’. ಹಾಡಿದವರು ಪರ್ಸಿ ಸ್ಲೆಡ್ಜ್. ಹಾಡಿನ ಹೆಸರಿನ ಹತ್ತಿರ, ಕಣ್ಣು ಕಿರಿದು ಮಾಡಿ ನೋಡಬೇಕಾದಷ್ಟು ಸಣ್ಣ ಅಕ್ಷರದಲ್ಲಿ ಇನ್ನೆರಡು ಹೆಸರು: ಲೂಯಿಸ್, ರೈಟ್. ಹಾಡು ಬರೆದವರು ಇವರು ಅಂತ ಲೆಕ್ಕ.

ಈ ಸಣ್ಣ ಅಕ್ಷರದ ಜಾಗದಲ್ಲಿ ಸ್ಲೆಡ್ಜ್ ಹೆಸರಿಲ್ಲ. ರಾಗ ನನ್ನದೇ ಎಂದು ಅವರು ಕೊನೆಯವರೆಗೂ ಹೇಳಿದರು. ಆದರೆ ಆ ಹೆಸರು ಸೇರಲೇ ಇಲ್ಲ. ಮುಂದೆ ಈ ಹಾಡನ್ನು ಎಷ್ಟೋ ಜನ ಹಾಡಿದರು, ಸಿನಿಮಾಗಳು ಬಳಸಿದವು, ಜೀನ್ಸ್ ಮಾರುವ ಜಾಹೀರಾತಿಗೂ ಹೋಯಿತು. ಪ್ರತಿ ಸಲವೂ ದುಡ್ಡು ಎಲ್ಲಿಗೆ ಹೋಗಬೇಕು ಅನ್ನುವುದನ್ನು ತೀರ್ಮಾನ ಮಾಡಿದ್ದು ಆ ಸಣ್ಣ ಅಕ್ಷರಗಳೇ.

ನನ್ನ ವಯಸ್ಸಿನ ಬಹಳಷ್ಟು ಬೆಂಗಳೂರಿಗರ ಹಾಗೆ ನಾನೂ ಈ ಹಾಡನ್ನು ಮೊದಲು ಕೇಳಿದ್ದು ಮೈಕಲ್ ಬೋಲ್ಟನ್ ಗಂಟಲಲ್ಲಿ. ತೊಂಬತ್ತರ ದಶಕದ ಶುರು, ಮನೆಗಳಿಗೆ ಸ್ಟಾರ್ ಟಿವಿ ಬಂದ ಹೊಸತು. ಎಂಟಿವಿಯಲ್ಲಿ ಉದ್ದ ಕೂದಲಿನ ಮನುಷ್ಯ ಕಣ್ಣು ಮುಚ್ಚಿಕೊಂಡು ಕೂಗುತ್ತಿದ್ದ. ಹಾಡು ಅವನದೇ ಅಂದುಕೊಂಡು ಕ್ಯಾಸೆಟ್ ತಂದೆ, ಸವೆಯುವಷ್ಟು ಕೇಳಿದೆ. ಎಷ್ಟೋ ವರ್ಷ ಆದಮೇಲೆ ಗೆಳೆಯನ ಮನೆಯಲ್ಲಿ ಸ್ಲೆಡ್ಜ್ ಹಾಡಿದ್ದು ಕಿವಿಗೆ ಬಿತ್ತು. ಕೈಯಲ್ಲಿದ್ದ ಕಾಫಿ ಆರಿಹೋಯಿತು. ಅವತ್ತಿನಿಂದ ಈ ಹಾಡಿನ ಬೆನ್ನು ಹತ್ತಿದ್ದೇನೆ.

ಆಸ್ಪತ್ರೆಯಿಂದ ಸ್ಟುಡಿಯೋಗೆ

ಅಲಬಾಮಾ ರಾಜ್ಯದ ವಾಯವ್ಯ ಮೂಲೆಯಲ್ಲಿ, ಟೆನೆಸೀ ನದಿ ದಂಡೆಯ ಮೇಲೆ, ಒಂದಕ್ಕೊಂದು ಅಂಟಿಕೊಂಡ ಸಣ್ಣ ಊರುಗಳಿವೆ. ಮಸಲ್ ಶೋಲ್ಸ್, ಶೆಫೀಲ್ಡ್, ಫ್ಲಾರೆನ್ಸ್, ಟಸ್ಕಂಬಿಯಾ. ಅಲ್ಲೇ ಹತ್ತಿರದ ಲೇಟನ್ ಎಂಬ ಹಳ್ಳಿಯಲ್ಲಿ 1940ರಲ್ಲಿ ಸ್ಲೆಡ್ಜ್ ಹುಟ್ಟಿದರು. ಚಿಕ್ಕಂದಿನಲ್ಲಿ ಹತ್ತಿ ಹೊಲದಲ್ಲಿ ದುಡಿದರು. ದೊಡ್ಡವರಾದ ಮೇಲೆ ಆಸ್ಪತ್ರೆಯಲ್ಲಿ ಕೆಲಸ, ನಮ್ಮಲ್ಲಿ ವಾರ್ಡ್ ಬಾಯ್ ಅಂತೀವಲ್ಲ, ಅದು. ರೋಗಿಗಳನ್ನು ಎತ್ತಿ ಕೂರಿಸುವುದು, ಒರೆಸುವುದು, ಸಾಗಿಸುವುದು. ವಾರದ ಕೊನೆಗೆ ಎಸ್ಕ್ವೈರ್ಸ್ ಕಾಂಬೋ ಎಂಬ ತಂಡದ ಜೊತೆ ಕಾಲೇಜು ಹುಡುಗರ ಪಾರ್ಟಿಗಳಲ್ಲಿ ಹಾಡುತ್ತಿದ್ದರು. ಆ ತಂಡದಲ್ಲಿ ಬೇಸ್ ಗಿಟಾರ್ ನುಡಿಸುತ್ತಿದ್ದವರು ಕ್ಯಾಲ್ವಿನ್ ಲೂಯಿಸ್. ಆರ್ಗನ್ ನುಡಿಸುತ್ತಿದ್ದವರು ಆಂಡ್ರ್ಯೂ ರೈಟ್.

ಹಾಡು ಹುಟ್ಟಿದ ಬಗೆಗೆ ಒಂದಕ್ಕಿಂತ ಹೆಚ್ಚು ಕಥೆ ಇವೆ. ಹೆಚ್ಚು ಜನ ಹೇಳುವುದು ಇದು: ಗೆಳತಿ ಬಿಟ್ಟುಹೋದ ದಿನಗಳಲ್ಲಿ ಒಂದು ರಾತ್ರಿ ವೇದಿಕೆ ಮೇಲೆ ನಿಂತಿದ್ದ ಸ್ಲೆಡ್ಜ್‌ಗೆ ಮಾಮೂಲಿ ಹಾಡು ಹಾಡಲು ಆಗಲಿಲ್ಲ. ಲೂಯಿಸ್ ಮತ್ತು ರೈಟ್ ಕಡೆ ತಿರುಗಿ, ಏನಾದರೂ ನಿಧಾನದ್ದು ನುಡಿಸಿ ಅಂದರು. ಅವರು ನುಡಿಸಿದರು, ಇವರು ಬಾಯಿಗೆ ಬಂದದ್ದು ಹಾಡಿದರು. ಸ್ಲೆಡ್ಜ್ ತಾವೇ ಹೇಳುತ್ತಿದ್ದ ಇನ್ನೊಂದು ಮಾತಿದೆ. ಆ ರಾಗ ಹೊಸದಲ್ಲ, ಹುಡುಗನಾಗಿದ್ದಾಗ ಹತ್ತಿ ಬಿಡಿಸುತ್ತಾ ಗುನುಗುತ್ತಿದ್ದದ್ದು ಅದೇ ಅಂತ. ಎರಡೂ ನಿಜ ಇರಬಹುದು ಅಲ್ವಾ? ಹೊಲದಲ್ಲಿ ಗುನುಗಿದ್ದು ವೇದಿಕೆ ಮೇಲೆ ಬಾಯಿಗೆ ಬರುವುದರಲ್ಲಿ ಆಶ್ಚರ್ಯ ಏನಿಲ್ಲ.

ಕ್ವಿನ್ ಐವಿ ಎಂಬ ರೇಡಿಯೋ ಜಾಕಿ ಶೆಫೀಲ್ಡ್‌ನಲ್ಲಿ ರೆಕಾರ್ಡ್ ಅಂಗಡಿ ಇಟ್ಟಿದ್ದರು. ಜೊತೆಗೆ ನೊರಾಲಾ ಎಂಬ ಪುಟ್ಟ ಸ್ಟುಡಿಯೋ. ನಾರ್ತ್ ಅಲಬಾಮಾ ಅನ್ನುವುದನ್ನೇ ಮೊಟಕು ಮಾಡಿ ಇಟ್ಟ ಹೆಸರು. ಇಬ್ಬರನ್ನೂ ಬಲ್ಲ ಒಬ್ಬರು ಸ್ಲೆಡ್ಜ್‌ರನ್ನು ಐವಿ ಹತ್ತಿರ ಕರೆದುಕೊಂಡು ಹೋದರು. ಐವಿ ಮತ್ತು ಅವರ ಜೊತೆಗಾರ ಮಾರ್ಲಿನ್ ಗ್ರೀನ್ ಹಾಡು ಕೇಳಿದರು. ಆಗ ಅದು ಬಿಟ್ಟುಹೋದವಳನ್ನು ಯಾಕೆ ಹೋದೆ ಅಂತ ಕೇಳುವ ಹಾಡು. ರಾಗ ಹಿಡಿಸಿತು, ಮಾತು ಬದಲಾಗಬೇಕು ಅಂದರು. ಕೇಳುವ ಹಾಡು ಹೇಳುವ ಹಾಡಾಯಿತು. ಗಂಡಸು ಒಬ್ಬ ಹೆಣ್ಣನ್ನು ಪ್ರೀತಿಸಿದರೆ ಏನೇನು ಆಗುತ್ತದೆ ಅನ್ನುವುದರ ಪಟ್ಟಿ ಅದು. ಬೇರೆ ಯಾವುದರ ಮೇಲೂ ಮನಸ್ಸು ನಿಲ್ಲುವುದಿಲ್ಲ. ಅವಳ ಬಗ್ಗೆ ಒಂದು ಮಾತು ಆಡಿದರೆ ಆಪ್ತ ಗೆಳೆಯನನ್ನೂ ದೂರ ಮಾಡುತ್ತಾನೆ. ಕೊನೇ ಕಾಸನ್ನೂ ಖರ್ಚು ಮಾಡುತ್ತಾನೆ. ಅವಳು ಹೇಳಿದರೆ ಮಳೆಯಲ್ಲೂ ಮಲಗುತ್ತಾನೆ. ಹೆಸರು ನೋಡಿದರೆ ಪ್ರೀತಿಯ ಹಾಡು, ಒಳಗಿರುವುದು ಸಂಕಟ. ಮದುವೆ ಮನೆಗಳಲ್ಲಿ ಇದನ್ನು ಹಾಕುವವರು ಎರಡನೇ ಚರಣ ಕೇಳಿರುವುದಿಲ್ಲ ಅಂತ ನನಗೆ ಅನ್ನಿಸುತ್ತದೆ.

1966ರ ಫೆಬ್ರವರಿಯಲ್ಲಿ ರೆಕಾರ್ಡಿಂಗ್. ಆ ಕೋಣೆಯಲ್ಲಿ ಯಾರಿದ್ದರು ಅನ್ನುವುದು ಮುಖ್ಯ. ಆರ್ಗನ್ ಮೇಲೆ ಸ್ಪೂನರ್ ಓಲ್ಡಮ್, ಡ್ರಮ್ಸ್ ರಾಜರ್ ಹಾಕಿನ್ಸ್, ಬೇಸ್ ಜೂನಿಯರ್ ಲೋ, ಗಿಟಾರ್ ಮಾರ್ಲಿನ್ ಗ್ರೀನ್. ಎಲ್ಲರೂ ಬಿಳಿಯರು, ಇಪ್ಪತ್ತರ ಆಸುಪಾಸಿನ ಹುಡುಗರು. ಹಾಡುತ್ತಿದ್ದವರು ಕರಿಯ ಜನಾಂಗದ ಆಸ್ಪತ್ರೆ ಕೆಲಸಗಾರ. ಇದೇ ಅಲಬಾಮಾದ ಸೆಲ್ಮಾ ಊರಿನಲ್ಲಿ, ಮತದಾನದ ಹಕ್ಕು ಕೇಳಿ ಮೆರವಣಿಗೆ ಹೊರಟ ಕರಿಯರನ್ನು ಪೊಲೀಸರು ಹೊಡೆದು ಒಂದು ವರ್ಷವೂ ಆಗಿರಲಿಲ್ಲ. ಆ ಕಾಲ, ಆ ಜಾಗ, ಆ ಕೋಣೆ. ಅಲ್ಲಿ ಕೂತು ಈ ಹುಡುಗರು ಒಬ್ಬರ ದನಿಗೆ ಒಬ್ಬರು ಕಿವಿ ಕೊಟ್ಟರು.

ಹಾಡಿನ ಒಳಗೆ

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಹಾಡು ಹೇಗೆ ಕಟ್ಟಿದ್ದಾರೆ ಅಂತ ಗೊತ್ತಾಗದಿದ್ದರೆ ಬೇರೆಯವರು ಹಾಡಿದಾಗ ಏನು ಉಳಿಯಿತು, ಏನು ಹೋಯಿತು ಅಂತ ಹೇಳುವುದು ಕಷ್ಟ.

ಮೊದಲು ಕೇಳುವುದು ಬೇಸ್ ಮತ್ತು ಆರ್ಗನ್. ಆರ್ಗನ್ ಇಟಲಿಯಲ್ಲಿ ಮಾಡಿದ ಫಾರ್ಫೀಸಾ. ಚರ್ಚಿನ ದೊಡ್ಡ ಆರ್ಗನ್ ಅಲ್ಲ, ಅಗ್ಗದ ಎಲೆಕ್ಟ್ರಾನಿಕ್ ವಾದ್ಯ, ದನಿ ತೆಳ್ಳಗೆ. ಆದರೂ ಓಲ್ಡಮ್ ಅದನ್ನು ಬೆಳಗಿನ ಪ್ರಾರ್ಥನೆಯ ಹಾಗೆ ನುಡಿಸಿದ್ದಾರೆ. ಸ್ವರಗಳನ್ನು ಎಳೆದು ಹಿಡಿದಿದ್ದಾರೆ, ಎಲ್ಲೂ ಅವಸರ ಇಲ್ಲ.

ಬೇಸ್ ಕಡೆ ಕಿವಿ ಕೊಡಿ. ಸರಿಗಮದಲ್ಲಿ ಹೇಳಿದರೆ ನಮ್ಮವರಿಗೆ ಸಲೀಸು. ಹಾಡಿನ ಸ್ವರಗಳ ಮೇಳ ಹೆಚ್ಚುಕಡಿಮೆ ಶಂಕರಾಭರಣದ್ದು. ಬೇಸ್ ಮೇಲಿನ ಷಡ್ಜದಿಂದ ಒಂದೊಂದೇ ಮೆಟ್ಟಿಲು ಇಳಿಯುತ್ತದೆ, ಸ, ನಿ, ದ, ಪ. ಅಲ್ಲಿಂದ ಮಧ್ಯಮ ಮುಟ್ಟಿ, ಮತ್ತೆ ಪಂಚಮಕ್ಕೆ ಬಂದು, ಷಡ್ಜಕ್ಕೆ ಮರಳುತ್ತದೆ. ಇಡೀ ಹಾಡಿನಲ್ಲಿ ಈ ಇಳಿತ ಮತ್ತೆ ಮತ್ತೆ ಬರುತ್ತದೆ. ಮೇಲೆ ಸ್ಲೆಡ್ಜ್ ದನಿ ಏರುತ್ತಾ ಹೋಗುತ್ತದೆ, ಕೆಳಗೆ ಬೇಸ್ ಇಳಿಯುತ್ತಾ ಹೋಗುತ್ತದೆ. ಕೇಳುವವರ ಎದೆ ಹಿಂಡುವುದು ಈ ಎರಡರ ಎಳೆದಾಟ. ಯುರೋಪಿನ ಹಳೇ ಶಾಸ್ತ್ರೀಯ ಸಂಗೀತದಲ್ಲೂ ಇಂಥ ಇಳಿಯುವ ಬೇಸ್ ಇದೆ. ಹತ್ತಿ ಹೊಲದ ಗುನುಗು ಮತ್ತು ಇನ್ನೂರು ಮುನ್ನೂರು ವರ್ಷದ ಹಳೇ ಪದ್ಧತಿ ಒಂದೇ ಮೆಟ್ಟಿಲ ಮೇಲೆ ಎದುರಾದ ಹಾಗಿದೆ.

ತಾಳ ನಿಧಾನ. ಪ್ರತಿ ಎಣಿಕೆಯೊಳಗೆ ಮೂರು ಮೂರು ಬಡಿತ, ತಿಶ್ರ ನಡೆ ಅನ್ನಬಹುದು. ಪಲ್ಲವಿ ಅಂತ ಬೇರೆಯಾಗಿ ಇಲ್ಲ. ಶೀರ್ಷಿಕೆಯ ಮಾತು ಚರಣದ ಮೊದಲಿಗೇ ಬಂದು ಹೋಗುತ್ತದೆ. ಅಂದರೆ ಕೇಳುಗರು ಕಾದು ಕೂತು ಒಟ್ಟಿಗೆ ದನಿಗೂಡಿಸುವ ಜಾಗವೇ ಇಲ್ಲ. ಮನುಷ್ಯ ಒಬ್ಬನೇ ನಿಂತು ಹೇಳಿಕೊಳ್ಳುತ್ತಿದ್ದಾನೆ, ನಾವು ಕೇಳಬೇಕು ಅಷ್ಟೆ. ಮೂರು ನಿಮಿಷ ತುಂಬುವ ಮೊದಲೇ ಮುಗಿಯುತ್ತದೆ.

ಕೊನೆ ಭಾಗದಲ್ಲಿ ಟ್ರಂಪೆಟ್, ಸ್ಯಾಕ್ಸೋಫೋನ್ ಬರುತ್ತವೆ. ಶ್ರುತಿ ಸೇರಿಲ್ಲ. ಹೆಡ್‌ಫೋನ್ ಹಾಕಿಕೊಂಡರೆ ಯಾರಿಗಾದರೂ ಗೊತ್ತಾಗುತ್ತದೆ. ಊದುವವರು ಸ್ವಲ್ಪ ಆಚೆ ಈಚೆ ಇದ್ದಾರೆ. ಈ ಶ್ರುತಿಗೆ ಒಂದು ಕಥೆಯೇ ಇದೆ.

ಪಕ್ಕದ ಮಸಲ್ ಶೋಲ್ಸ್‌ನಲ್ಲಿ ಫೇಮ್ ಸ್ಟುಡಿಯೋ ನಡೆಸುತ್ತಿದ್ದ ರಿಕ್ ಹಾಲ್ ಈ ಹಾಡು ಕೇಳಿ, ನ್ಯೂಯಾರ್ಕ್‌ನ ಅಟ್ಲಾಂಟಿಕ್ ಕಂಪನಿಯ ಜೆರ್ರಿ ವೆಕ್ಸ್ಲರ್‌ಗೆ ಫೋನ್ ಮಾಡಿದರು. ವೆಕ್ಸ್ಲರ್‌ಗೆ ಹಾಡು ಹಿಡಿಸಿತು, ಹಾರ್ನ್, ಅಂದರೆ ಆ ಟ್ರಂಪೆಟ್-ಸ್ಯಾಕ್ಸೋಫೋನ್, ಹಿಡಿಸಲಿಲ್ಲ. ಶ್ರುತಿ ಬಿದ್ದಿದೆ, ಆ ಭಾಗ ಮತ್ತೆ ಮಾಡಿ ಅಂದರು. ಮತ್ತೆ ಮಾಡಿದರು. ಆದರೆ ಟೇಪ್‌ಗಳು ಅದಲುಬದಲಾಗಿ, ಪ್ರೆಸ್ಸಿಗೆ ಹೋದದ್ದು ಹಳೆಯದೇ. ಅಲ್ಲಿನ ವಾದಕರು ಹೇಳಿಕೊಂಡು ಬಂದ ಕಥೆ ಇದು. ರೆಕಾರ್ಡ್ ಕೇಳಿದರೆ ನಂಬದೇ ಇರಲು ಕಾರಣ ಸಿಗುವುದಿಲ್ಲ.

ನಂಬರ್ ಒನ್

1966ರ ಮೇ 28. ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಹಾಟ್ 100 ಪಟ್ಟಿಯಲ್ಲಿ ಹಾಡು ಒಂದನೇ ಸ್ಥಾನಕ್ಕೆ ಬಂತು. ಎರಡು ವಾರ ಅಲ್ಲೇ ಇತ್ತು. ರಿದಮ್ ಅಂಡ್ ಬ್ಲೂಸ್ ಪಟ್ಟಿಯಲ್ಲೂ ಒಂದನೇದು. ಬ್ರಿಟನ್ನಿನಲ್ಲಿ ನಾಲ್ಕನೇ ಸ್ಥಾನದವರೆಗೆ ಹೋಯಿತು. ಆಸ್ಪತ್ರೆಯ ಕೆಲಸ ಬಿಟ್ಟು ಸ್ಲೆಡ್ಜ್ ಊರೂರು ತಿರುಗಲು ಹೊರಟರು.

ಈ ಗೆಲುವು ಬರೀ ಅವರದಲ್ಲ. ಇಷ್ಟು ಸಣ್ಣ ಊರಿನ ಕೋಣೆಯಲ್ಲಿ ಇಂಥದ್ದು ಆಗುತ್ತದೆ ಅಂತ ವೆಕ್ಸ್ಲರ್ ಕಣ್ಣಾರೆ ಕಂಡರು. ಅದೇ ವರ್ಷ ಗಾಯಕ ವಿಲ್ಸನ್ ಪಿಕೆಟ್‌ರನ್ನು ಮಸಲ್ ಶೋಲ್ಸ್‌ಗೆ ಕರೆತಂದರು. 1967ರ ಜನವರಿಯಲ್ಲಿ ಗಾಯಕಿ ಅರೀಥಾ ಫ್ರಾಂಕ್ಲಿನ್ ಬಂದರು. ಅರೀಥಾ ಅವರ ಬದುಕು ತಿರುಗಿದ್ದು ಅಲ್ಲಿ ಮಾಡಿದ ರೆಕಾರ್ಡಿಂಗ್‌ನಿಂದ, ಅದರಲ್ಲೂ ಇದೇ ಓಲ್ಡಮ್, ಇದೇ ಹಾಕಿನ್ಸ್ ಇದ್ದರು. ಒಂದು ಪ್ರೇಮಗೀತೆ ಒಂದು ಊರಿಗೇ ದಾರಿ ಮಾಡಿಕೊಟ್ಟಿತು.

ಸ್ಲೆಡ್ಜ್‌ಗೆ ಆಮೇಲೂ ಒಳ್ಳೇ ಹಾಡುಗಳು ಸಿಕ್ಕವು. ‘ಟೇಕ್ ಟೈಮ್ ಟು ನೋ ಹರ್’ 1968ರಲ್ಲಿ ಹನ್ನೊಂದನೇ ಸ್ಥಾನ ಮುಟ್ಟಿತು. ಆದರೆ ಜನ ಕೇಳುತ್ತಿದ್ದದ್ದು ಒಂದೇ ಹಾಡು.

ಸಹಿ

ಈಗ ಪ್ರಕರಣದ ಗಂಟಿಗೆ ಬರೋಣ. ಹಾಡು ಬರೆದವರ ಜಾಗದಲ್ಲಿ ಸ್ಲೆಡ್ಜ್ ಹೆಸರು ಯಾಕಿಲ್ಲ?

ಅವರೇ ಹೇಳಿದ ಪ್ರಕಾರ, ಅವರೇ ಬಿಟ್ಟುಕೊಟ್ಟರು. ಲೂಯಿಸ್ ಮತ್ತು ರೈಟ್ ಸಹಾಯ ಮಾಡಿದರು ಅನ್ನುವ ಕೃತಜ್ಞತೆಗೆ ಪೂರ್ತಿ ಹಕ್ಕು ಅವರಿಬ್ಬರಿಗೇ ಕೊಟ್ಟೆ ಅಂತ. ಆಗ ವಯಸ್ಸು 25. ಹಾಡಿನ ಹಕ್ಕು ಅಂದರೆ ಏನು, ನಾಳೆ ಅದರಿಂದ ಏನು ಬರುತ್ತದೆ ಅನ್ನುವುದು ಗೊತ್ತಿರಲಿಲ್ಲ. ಅದು ತಪ್ಪಾಯಿತು ಅಂತ ಮುಂದೆ ಅವರಿಗೆ ಅನ್ನಿಸಿದ್ದೂ ಇದೆ. ಕೊಟ್ಟಿದ್ದು ಕೊಟ್ಟಾಯಿತು ಅಂತ ಸಮಾಧಾನ ಮಾಡಿಕೊಂಡದ್ದೂ ಇದೆ.

ಲೂಯಿಸ್, ರೈಟ್ ಮೋಸ ಮಾಡಿದರು ಅಂತ ನಾನು ಹೇಳುತ್ತಿಲ್ಲ. ಹೇಳಲು ಆಧಾರವೂ ಇಲ್ಲ. ಸ್ವರ ಜೋಡಿಸಿದವರಿಗೆ ಹಾಡು ತಮ್ಮದು ಅನ್ನಿಸುವುದು ಸಹಜ. ಆ ಇಳಿಯುವ ಬೇಸ್ ಇಲ್ಲದೆ ಈ ಹಾಡೇ ಇಲ್ಲ. ನನ್ನ ತಕರಾರು ಬೇರೆ. ಒಟ್ಟಿಗೆ ಹುಟ್ಟಿದ ಒಂದು ವಸ್ತುವನ್ನು ಕಾಗದದ ಮೇಲೆ ಇಳಿಸುವಾಗ ಒಬ್ಬರ ಹೆಸರು ಪೂರ್ತಿ ಇಲ್ಲ ಅಂತಾದರೆ, ಆ ಕಾಗದ ನಿಜ ಹೇಳುತ್ತಿಲ್ಲ. ಆಮೇಲಿನ ಎಲ್ಲ ಲೆಕ್ಕವೂ ಆ ಕಾಗದದ ಮೇಲೆಯೇ ನಡೆಯುತ್ತದೆ.

ಲೆಕ್ಕ ಹೇಗೆ ಅಂತ ನೋಡಿ. ಒಂದು ಹಾಡಿಗೆ ಎರಡು ಹಕ್ಕು. ಮೊದಲನೆಯದು ರಚನೆಯ ಹಕ್ಕು, ಅಂದರೆ ಸಾಹಿತ್ಯ ಮತ್ತು ರಾಗದ್ದು. ಅದು ಬರೆದವರಿಗೆ ಮತ್ತು ಅವರ ಪ್ರಕಾಶಕರಿಗೆ ಸೇರಿದ್ದು. ಎರಡನೆಯದು ಧ್ವನಿಮುದ್ರಣದ ಹಕ್ಕು, ಅದು ಸಾಮಾನ್ಯವಾಗಿ ರೆಕಾರ್ಡ್ ಕಂಪನಿಯದು. ಅದರಿಂದ ಹಾಡುಗಾರರಿಗೆ ಒಪ್ಪಂದದಂತೆ ಒಂದು ಪಾಲು. ಯಾರಾದರೂ ಹಾಡನ್ನು ಹೊಸದಾಗಿ ಹಾಡಿ ರೆಕಾರ್ಡ್ ಮಾಡಿದರೆ ಅದಕ್ಕೆ ಕವರ್ ಅನ್ನುತ್ತಾರೆ. ಕವರ್‌ನಲ್ಲಿ ಹಳೇ ಧ್ವನಿಮುದ್ರಣ ಬಳಕೆಯಾಗುವುದಿಲ್ಲ. ಹಾಗಾಗಿ ದುಡ್ಡು ಹೋಗುವುದು ರಚನೆಯ ಹಕ್ಕಿದ್ದವರಿಗೆ ಮಾತ್ರ. ಮೊದಲು ಹಾಡಿದವರಿಗೆ ಒಂದು ಪೈಸೆಯೂ ಇಲ್ಲ.

ಅಮೆರಿಕದ ಕಾನೂನಿನಲ್ಲಿ ಇನ್ನೂ ಒಂದು ಮಾತಿದೆ. ಒಮ್ಮೆ ಹಾಡು ರೆಕಾರ್ಡ್ ಆಗಿ ಮಾರುಕಟ್ಟೆಗೆ ಬಂದರೆ ಯಾರು ಬೇಕಾದರೂ ಕವರ್ ಮಾಡಬಹುದು, ಯಾರೂ ಬೇಡ ಅನ್ನುವ ಹಾಗಿಲ್ಲ. ಪ್ರತಿಯೊಂದು ಪ್ರತಿಗೆ ನಿಗದಿಯಾದ ದರ ಕೊಟ್ಟರಾಯಿತು. 1966ರಲ್ಲಿ ಆ ದರ 2 ಸೆಂಟ್. 1909ರಲ್ಲಿ ಇಟ್ಟದ್ದೇ, ಬದಲಾಗಿರಲಿಲ್ಲ. 1991ರ ಹೊತ್ತಿಗೆ 5.7 ಸೆಂಟ್. ಪೂರ್ತಿ ದರದಲ್ಲಿ ಹತ್ತು ಲಕ್ಷ ಪ್ರತಿ ಮಾರಿದರೆ 57 ಸಾವಿರ ಡಾಲರ್, ಬರೆದವರು ಮತ್ತು ಪ್ರಕಾಶಕರು ಹಂಚಿಕೊಳ್ಳಲು. ರೇಡಿಯೋದಲ್ಲಿ ಹಾಡು ಬಂದಾಗಲೂ ಹಾಗೇ. ಅಮೆರಿಕದ ಮಾಮೂಲಿ ರೇಡಿಯೋ ಕೇಂದ್ರಗಳು ಬರೆದವರಿಗೆ ಹಣ ಕೊಡುತ್ತವೆ. ಹಾಡಿದವರಿಗೆ ಕೊಡುವುದಿಲ್ಲ, ಇವತ್ತಿಗೂ ಕೊಡುವುದಿಲ್ಲ. ಅಂದರೆ ಸ್ಲೆಡ್ಜ್ ಅವರದೇ ದನಿ ಅವರದೇ ಊರಿನ ರೇಡಿಯೋದಲ್ಲಿ ದಿನಕ್ಕೆ ಹತ್ತು ಸಲ ಬಂದರೂ ಅದರಿಂದ ಅವರ ಮನೆಗೆ ಏನೂ ಬರುತ್ತಿರಲಿಲ್ಲ.

ಬೇರೆ ಬೇರೆ ಗಂಟಲು

ಕವರ್‌ಗಳು ಶುರುವಾಗಲು ತಡವೇನೂ ಆಗಲಿಲ್ಲ. 1966ರಲ್ಲೇ ಎಸ್ತರ್ ಫಿಲಿಪ್ಸ್ ಇದನ್ನು ಹೆಣ್ಣಿನ ಕಡೆಯಿಂದ ತಿರುಗಿಸಿ ಹಾಡಿದರು, ‘ವೆನ್ ಎ ವುಮನ್ ಲವ್ಸ್ ಎ ಮ್ಯಾನ್’ ಅಂತ. ನನಗೆ ಇದು ತುಂಬ ಇಷ್ಟ. ಫಿಲಿಪ್ಸ್ ದನಿಯಲ್ಲಿ ಮೂಗಿನ ಒಂದು ಹರಿತ ಇದೆ. ಸ್ಲೆಡ್ಜ್ ಬೇಡಿಕೊಳ್ಳುವ ಜಾಗದಲ್ಲಿ ಅವರು ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಾರೆ. ಇದೆಲ್ಲ ನನಗೆ ಮೊದಲೇ ಗೊತ್ತಿತ್ತು, ಆದರೂ ಮಾಡಿದೆ, ಅನ್ನುವ ಹಾಗೆ.

1979ರ ‘ದಿ ರೋಸ್’ ಸಿನಿಮಾದಲ್ಲಿ ಬೆಟ್ ಮಿಡ್ಲರ್ ವೇದಿಕೆ ಮೇಲಿನ ರಾಕ್ ಗಾಯಕಿಯಾಗಿ ಇದನ್ನು ಹಾಡಿದರು. ಅದು ನಾಟಕೀಯ, ಕುಣಿದು ಕೂಗಿ ಹಾಡಿದ್ದು. ಆ ಪಾತ್ರಕ್ಕೆ ಅದು ಸರಿ. ಕೆನಡಾದಲ್ಲಿ ಲೂಬಾ ಎಂಬ ಗಾಯಕಿ ಎಂಬತ್ತರ ದಶಕದಲ್ಲಿ ಹಾಡಿ ಅಲ್ಲಿ ಹಿಟ್ ಮಾಡಿದರು.

ಈ ನಡುವೆ ಹಳೇ ರೆಕಾರ್ಡೇ ಮತ್ತೆ ಎದ್ದು ಬಂತು. 1987ರಲ್ಲಿ ಬ್ರಿಟನ್ನಿನಲ್ಲಿ ಲೀವೈಸ್ ಜೀನ್ಸ್ ಜಾಹೀರಾತಿಗೆ ಸ್ಲೆಡ್ಜ್ ಹಾಡನ್ನು ಬಳಸಿದರು. ಅದೇ ಸರಣಿಯ ಇನ್ನೊಂದು ಜಾಹೀರಾತಿನಲ್ಲಿ ಬೆನ್ ಇ ಕಿಂಗ್ ಅವರ ‘ಸ್ಟ್ಯಾಂಡ್ ಬೈ ಮಿ’. ಆ ಫೆಬ್ರವರಿಯಲ್ಲಿ ಬ್ರಿಟನ್ ಪಟ್ಟಿಯ ಒಂದನೇ ಸ್ಥಾನದಲ್ಲಿ ಬೆನ್ ಇ ಕಿಂಗ್, ಎರಡನೇ ಸ್ಥಾನದಲ್ಲಿ ಪರ್ಸಿ ಸ್ಲೆಡ್ಜ್. ಇಪ್ಪತ್ತು ಇಪ್ಪತ್ತೈದು ವರ್ಷ ಹಳೆಯ ಎರಡು ಹಾಡುಗಳು ಹೊಸಬರನ್ನೆಲ್ಲ ಕೆಳಗೆ ನಿಲ್ಲಿಸಿದವು. ಇದು ಕವರ್ ಅಲ್ಲ, ಅವರದೇ ಧ್ವನಿಮುದ್ರಣ. ರೆಕಾರ್ಡ್ ಮಾರಾಟದಲ್ಲಿ ಒಪ್ಪಂದದಂತೆ ಪಾಲು ಇತ್ತು, ಕಾರ್ಯಕ್ರಮಗಳಿಗೆ ಬೇಡಿಕೆಯೂ ಜಾಸ್ತಿ ಆಯಿತು. ಈ ಹಾಡಿನ ಎರಡನೇ ಆಯುಸ್ಸಿನಲ್ಲಿ ಸ್ಲೆಡ್ಜ್‌ಗೆ ನೇರವಾಗಿ ಕೈಗೆ ಸಿಕ್ಕ ಒಳ್ಳೇ ದಿನಗಳು ಇವು.

ಆಮೇಲೆ ಬೋಲ್ಟನ್.

1991ರ ‘ಟೈಮ್, ಲವ್ ಅಂಡ್ ಟೆಂಡರ್‌ನೆಸ್’ ಆಲ್ಬಮ್‌ನಲ್ಲಿ ಈ ಹಾಡಿದೆ. ಅದೇ ನವೆಂಬರ್‌ನಲ್ಲಿ ಹಾಟ್ 100ರ ಒಂದನೇ ಸ್ಥಾನ. ಒಂದೇ ಹಾಡು, ಬೇರೆ ಬೇರೆ ಇಬ್ಬರಿಂದ, 25 ವರ್ಷದ ಅಂತರದಲ್ಲಿ ಅಮೆರಿಕದ ತುದಿ ಮುಟ್ಟಿತು. ಇಂಥದ್ದು ಬಹಳ ಹಾಡುಗಳಿಗೆ ಆಗಿಲ್ಲ. 1992ರಲ್ಲಿ ಬೋಲ್ಟನ್‌ಗೆ ಇದಕ್ಕೇ ಪಾಪ್ ಗಾಯಕರ ಗ್ರ್ಯಾಮಿ ಬಂತು.

ಎರಡನ್ನೂ ಒಂದರ ಹಿಂದೆ ಒಂದು ಕೇಳಿ ನೋಡಿ. ಬೋಲ್ಟನ್ ಕಂಠದ ಬಲದ ಬಗ್ಗೆ ಎರಡು ಮಾತಿಲ್ಲ. ಆರ್ಗನ್ ಇದೆ, ಇಳಿಯುವ ಬೇಸ್ ಇದೆ. ಎಲ್ಲವೂ ಶ್ರುತಿಬದ್ಧ, ಎಲ್ಲವೂ ಥಳಥಳ. ಮೊದಲ ಸಾಲಿನಿಂದಲೇ ಅವರು ತುಂಬ ದೂರದವರಿಗೆ ಕೇಳಿಸುವ ಹಾಗೆ ಹಾಡುತ್ತಾರೆ. ಸ್ಲೆಡ್ಜ್ ಪಕ್ಕದಲ್ಲಿ ಕೂತವರಿಗೆ ಹೇಳುತ್ತಾರೆ. ಸ್ಲೆಡ್ಜ್ ದನಿ ಮೇಲಿನ ಸ್ವರಕ್ಕೆ ಹೋದಾಗ ಒಡೆಯುತ್ತದೋ ಅನ್ನಿಸುತ್ತದೆ, ಒಡೆಯುವುದಿಲ್ಲ. ಒಡೆಯುತ್ತದೋ ಅನ್ನುವ ಆ ಭಯದಲ್ಲೇ ಹಾಡಿನ ಜೀವ ಇದೆ. ಬೋಲ್ಟನ್ ಹಾಡುವಾಗ ನನಗೆ ಅಂಥ ಭಯ ಒಮ್ಮೆಯೂ ಆಗಲಿಲ್ಲ. ಹುಡುಗನಾಗಿದ್ದಾಗ ನನ್ನನ್ನು ಈ ಹಾಡಿನ ಹತ್ತಿರ ಕರೆದುಕೊಂಡು ಹೋದವರು ಅವರೇ, ಆ ಋಣ ಇದೆ. ಆದರೂ ಕಿವಿಗೆ ಕೇಳಿದ್ದನ್ನು ಹೇಳಲೇಬೇಕು.

ಆ ಆಲ್ಬಮ್ ಹತ್ತಾರು ಲಕ್ಷ ಪ್ರತಿ ಮಾರಿತು. ಸ್ಲೆಡ್ಜ್ ಹಾಡಿನ ರಚನೆಗೆ ಸಲ್ಲಬೇಕಾದದ್ದು ಲೂಯಿಸ್, ರೈಟ್ ಮತ್ತು ಪ್ರಕಾಶಕರ ಖಾತೆಗೆ ಸಂದಿತು. ಕಾನೂನಿನ ಪ್ರಕಾರ ಒಂದು ಕೂದಲೆಳೆಯಷ್ಟೂ ತಪ್ಪಿಲ್ಲ.

ಇದೇ ಆಲ್ಬಮ್‌ನಲ್ಲಿ ಇನ್ನೊಂದು ಹಾಡಿತ್ತು, ‘ಲವ್ ಇಸ್ ಎ ವಂಡರ್‌ಫುಲ್ ಥಿಂಗ್’. ಐಸ್ಲಿ ಬ್ರದರ್ಸ್ ಎಂಬ ಸೋಲ್ (ಅಮೆರಿಕದ ಕರಿಯರ ಚರ್ಚ್ ಹಾಡು ಮತ್ತು ಬ್ಲೂಸ್ ಬೆರೆತ ಸಂಗೀತ) ತಂಡದವರು ಅರವತ್ತರ ದಶಕದಲ್ಲಿ ಇದೇ ಹೆಸರಿನ ಒಂದು ಹಾಡು ಮಾಡಿದ್ದರು. ನಮ್ಮ ಹಾಡನ್ನೇ ಹೇಳದೆ ಕೇಳದೆ ಎತ್ತಿಕೊಂಡಿದ್ದಾರೆ ಅಂತ ಅವರು ಕೋರ್ಟಿಗೆ ಹೋದರು. 1994ರಲ್ಲಿ ಜ್ಯೂರಿ ಐಸ್ಲಿಗಳ ಪರ ತೀರ್ಪು ಕೊಟ್ಟಿತು. ಪರಿಹಾರ ಸುಮಾರು 54 ಲಕ್ಷ ಡಾಲರ್. 2000ದಲ್ಲಿ ಮೇಲ್ಮನವಿ ನ್ಯಾಯಾಲಯವೂ ಅದನ್ನೇ ಎತ್ತಿ ಹಿಡಿಯಿತು. ಒಂದೇ ಆಲ್ಬಮ್, ಅರವತ್ತರ ದಶಕದ ಎರಡು ಸೋಲ್ ಹಾಡು. ಒಂದರಲ್ಲಿ ಬರೆದವರ ಜಾಗದಲ್ಲಿ ಹೆಸರಿದ್ದವರು ಕೋರ್ಟಿನವರೆಗೂ ಹೋಗಿ ಪಡೆದರು. ಇನ್ನೊಂದರಲ್ಲಿ ಮೊದಲು ಹಾಡಿದವರು ಯಾವ ಕೋರ್ಟಿಗೂ ಹೋಗುವ ಹಾಗಿರಲಿಲ್ಲ, ಯಾಕೆಂದರೆ ಕಾಗದದಲ್ಲಿ ಅವರ ಹೆಸರೇ ಇರಲಿಲ್ಲ.

ತಡವಾಗಿ ಸಿಕ್ಕವರೂ ಇದ್ದಾರೆ

ಹಾಗಾದರೆ ಹೆಸರಿಲ್ಲದವರಿಗೆ ದಾರಿಯೇ ಇಲ್ಲವಾ? ಬ್ರಿಟನ್ನಿನಲ್ಲಿ ಒಬ್ಬರಿಗೆ ಸಿಕ್ಕಿತು. ಸ್ಲೆಡ್ಜ್ ಹಾಡು ಬಂದ ಮರುವರ್ಷ, 1967ರಲ್ಲಿ, ಪ್ರೋಕಲ್ ಹಾರಮ್ ತಂಡದ ‘ಎ ವೈಟರ್ ಶೇಡ್ ಆಫ್ ಪೇಲ್’ ಬಂತು. ಅದರಲ್ಲೂ ಬೇಸ್ ಮೆಟ್ಟಿಲಿಳಿಯುತ್ತದೆ, ಅದರ ಮೇಲೆ ಆರ್ಗನ್ ಹಾಡುತ್ತದೆ. ಎರಡೂ ಅಕ್ಕಪಕ್ಕದ ಮನೆಯವು ಅನ್ನಿಸುತ್ತದೆ. ಆ ಆರ್ಗನ್ ನುಡಿಸಿದ ಮ್ಯಾಥ್ಯೂ ಫಿಷರ್ ಹೆಸರು ಬರೆದವರ ಪಟ್ಟಿಯಲ್ಲಿ ಇರಲಿಲ್ಲ. ನಲವತ್ತು ವರ್ಷದ ಹತ್ತಿರ ಸುಮ್ನೆ ಇದ್ದು, 2005ರಲ್ಲಿ ದಾವೆ ಹೂಡಿದರು. 2006ರಲ್ಲಿ ಹೈಕೋರ್ಟ್ ಅವರು ಸಹ-ರಚನಕಾರರು ಎಂದು ಒಪ್ಪಿ 40 ಪರ್ಸೆಂಟ್ ಪಾಲು ಕೊಟ್ಟಿತು. ಮೇಲ್ಮನವಿಯಲ್ಲಿ ಹಣದ ಭಾಗ ಕೈತಪ್ಪಿತು. ಕೊನೆಗೆ 2009ರಲ್ಲಿ, ಆಗ ಅಲ್ಲಿನ ಅತ್ಯುನ್ನತ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್ ಅದನ್ನು ಮತ್ತೆ ಕೊಡಿಸಿತು. ಹಳೇ ಬಾಕಿ ಸಿಗಲಿಲ್ಲ, ಮುಂದಿನದು ಸಿಕ್ಕಿತು.

ಅಲ್ಲಿ ಫಿಷರ್ ನುಡಿಸಿದ್ದು ರೆಕಾರ್ಡಿನಲ್ಲೇ ಇತ್ತು. ಸ್ವರ ಬರೆದು ತೋರಿಸಬಹುದಿತ್ತು. ಸ್ಲೆಡ್ಜ್ ವಿಷಯ ಇಷ್ಟು ಸಲೀಸಲ್ಲ. ಹತ್ತಿ ಹೊಲದ ಗುನುಗಿಗೆ ಸಾಕ್ಷಿ ಯಾರು? ಅದರ ಮೇಲೆ, ಅವರು ಸ್ವಂತ ಇಚ್ಛೆಯಿಂದ ಕೊಟ್ಟೆ ಅಂತ ತಾವೇ ಹೇಳಿದ್ದರು.

ನಮ್ಮ ದೇಶದಲ್ಲಿ 2012ರಲ್ಲಿ ಕಾಪಿರೈಟ್ ಕಾಯ್ದೆ ತಿದ್ದಿದರು. ಸಾಹಿತ್ಯ ಬರೆದವರು, ಸಂಗೀತ ಮಾಡಿದವರು ತಮ್ಮ ರಾಯಲ್ಟಿಯ ಹಕ್ಕನ್ನು ನಿರ್ಮಾಪಕರಿಗೆ ಬರೆದುಕೊಡುವ ಹಾಗೇ ಇಲ್ಲ ಅಂತ ಮಾಡಿದರು. ಹಾಡುಗಾರರಿಗೂ ವಾಣಿಜ್ಯ ಬಳಕೆಯಲ್ಲಿ ರಾಯಲ್ಟಿ ಇದೆ ಎಂದರು. ಜಾರಿ ಎಷ್ಟರಮಟ್ಟಿಗೆ ಅನ್ನುವುದು ಬೇರೆ ಮಾತು. ಆದರೆ ಇಪ್ಪತ್ತೈದರ ಹುಡುಗ ಕೃತಜ್ಞತೆಗೋ, ಅವಸರಕ್ಕೋ ಸಹಿ ಹಾಕಿದರೂ ಪೂರ್ತಿ ಕಳೆದುಕೊಳ್ಳಬಾರದು ಅನ್ನುವ ಯೋಚನೆ ಆ ತಿದ್ದುಪಡಿಯಲ್ಲಿದೆ. ಸ್ಲೆಡ್ಜ್ ಕಥೆ ಓದಿದ ಮೇಲೆ ಆ ಯೋಚನೆ ಎಷ್ಟು ದೊಡ್ಡದು ಅಂತ ನನಗೆ ಅರ್ಥವಾಯಿತು.

ಅಮೆರಿಕದಲ್ಲಿ 1995ರ ಕಾನೂನು ಡಿಜಿಟಲ್ ಪ್ರಸಾರದಲ್ಲಿ ಹಾಡುಗಾರರಿಗೂ ಪಾಲು ತಂದಿತು. ಆದರೆ 1972ಕ್ಕಿಂತ ಹಿಂದಿನ ಧ್ವನಿಮುದ್ರಣಗಳು ಕೇಂದ್ರ ಕಾನೂನಿನ ಹೊರಗೇ ಉಳಿದಿದ್ದವು. ಅರವತ್ತರ ದಶಕದ ಇಡೀ ಸೋಲ್ ಸಂಗೀತ ಆ ಗೆರೆಯ ಆಚೆ. ಅವನ್ನು ಒಳಗೆ ತಂದದ್ದು 2018ರ ಕಾನೂನು. ಪರ್ಸಿ ಸ್ಲೆಡ್ಜ್ 2015ರ ಏಪ್ರಿಲ್ 14ರಂದು, ಲೂಸಿಯಾನಾದ ಬ್ಯಾಟನ್ ರೂಜ್‌ನಲ್ಲಿ, 74ನೇ ವಯಸ್ಸಿಗೆ ತೀರಿಕೊಂಡಿದ್ದರು.

ಗೌರವ ಸಿಗಲಿಲ್ಲ ಅಂತಲ್ಲ. 2005ರಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಅವರನ್ನು ಸೇರಿಸಿಕೊಂಡಿತು. ಅವರ ರೆಕಾರ್ಡ್ 1999ರಲ್ಲೇ ಗ್ರ್ಯಾಮಿಯ ಹಾಲ್ ಆಫ್ ಫೇಮ್ ಸೇರಿತ್ತು. ಆದರೆ ಊಟ ಹಾಕಿದ್ದು ವೇದಿಕೆ. ಹಾಡಿದ ರಾತ್ರಿಯ ಸಂಭಾವನೆಯನ್ನು ಬೇರೆ ಯಾರೂ ಪಡೆಯುವ ಹಾಗಿರಲಿಲ್ಲ. ಅದಕ್ಕೇ ಕೊನೆಯ ವರ್ಷಗಳವರೆಗೂ ಊರೂರು ತಿರುಗಿ ಅದೊಂದೇ ಹಾಡನ್ನು ಹಾಡಿದರು. ಮುಂದಿನ ಹಲ್ಲುಗಳ ನಡುವೆ ದೊಡ್ಡ ಸಂದು, ಬಾಯಿ ತುಂಬ ನಗು. ವಯಸ್ಸಾದ ಮೇಲಿನ ಅವರ ಕಾರ್ಯಕ್ರಮಗಳ ವಿಡಿಯೋ ಸಿಗುತ್ತವೆ. ಆರ್ಗನ್ ಶುರುವಾದ ಕೂಡಲೇ ಜನ ಎದ್ದು ನಿಲ್ಲುತ್ತಾರೆ. ಅವರು ಕಣ್ಣು ಮುಚ್ಚಿ, ತಲೆ ಹಿಂದಕ್ಕೆ ಚೆಲ್ಲಿ, ಮೊದಲ ಸಾಲನ್ನು ಎಳೆಯುತ್ತಾರೆ. ಆ ವಿಡಿಯೋಗಳಲ್ಲಿ ಹಾರ್ನ್ ನುಡಿಸುವವರು ಚೆನ್ನಾಗಿ ಕಲಿತವರು, ಶ್ರುತಿ ಸರಿಯಾಗಿಯೇ ಇರುತ್ತದೆ.

ನಾನು ಮಾತ್ರ ಮತ್ತೆ 1966ರದ್ದಕ್ಕೇ ಹೋಗುತ್ತೇನೆ. ಎರಡು ನಿಮಿಷ ದಾಟಿದ ಮೇಲೆ, ಆ ಟ್ರಂಪೆಟ್ ಚೂರು ಆಚೆ ಹೋಗುತ್ತದಲ್ಲ, ಅಲ್ಲಿಗೆ.